ಗರತಿಯ ಹಾಡಿನಲ್ಲಿ ಕೂಸು

ಮಕ್ಕಳನ್ನು ಕುರಿತು ಹಾಡದ ನಾಡು ಲೋಕದಲ್ಲಿ ಇರಲಾರದು. ಆದರೆ ಮಕ್ಕಳನ್ನು ಕುರಿತು ಹಾಡಿದುದೆಲ್ಲವೂ ಕಾವ್ಯವಾಗಲಾರದು. ಕೂಸಿನ ನಗೆ, ಅದರ ತೊದಲ್ನುಡಿ, ಅದರ ತಪ್ಪು ಹೆಜ್ಜೆ ಇವೆಲ್ಲ ಸ್ವಭಾವದಿಂದಲೇ ಸವಿಯಾದ ವಸ್ತುಗಳು. ಇಂಥ ವಸ್ತುವನ್ನು ಕೈಗೆತ್ತಿಕೊಂಡ ಕವಿಗೆ ಅರ್ಧ ಕೆಲಸ ತಾನಾಗಿಯೇ ಮುಗಿದಂತೆ ತೋರುವದರಿಂದ ಉಳಿದರ್ಧವನ್ನು ಅವನು ಮಾಡದೆ ಬಿಡುವ ಸಂಭವವೇ ಹೆಚ್ಚು. ಹೀಗೆ ಹುಟ್ಟಿದ ಶಿಶುಗೀತೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವುಗಳಲ್ಲಿ ಕೂಸು ಅಳುವದಿಲ್ಲ. ಅತ್ತರೂ ಅದಕ್ಕೆ ಜ್ವರ ಬಂದಿರುವದಿಲ್ಲ. ತಾಯಿಗೆ ದಣಿವಿಲ್ಲ, ತಂದೆಗೆ ಸಾಲವಿಲ್ಲ. ಓದಿದ ಗಳಿಗೆಯಲ್ಲಿ ಹಿತವೆನಿಸಿ ಮರುಗಳಿಗೆಯಲ್ಲಿ ಮರೆತುಹೋಗುವ ಹಾಡುಗಳು ಅವು.

ಸಂಸಾರ ನಡೆಸಿದವರಿಗೆಲ್ಲ ಗೊತ್ತಿರುವ ಸಂಗತಿ ಬೇರೆ. ಕೂಸು ಹುಟ್ಟಿದ ದಿನ ಅದರ ಸಂಗಡ ಮನೆಯಲ್ಲಿ ಇನ್ನೆರಡು ಹುಟ್ಟುತ್ತವೆ: ಒಂದು ನಲಿವು, ಇನ್ನೊಂದು ಅಂಜಿಕೆ. ಕೂಸು ಮಲಗಿದರೆ ನೆಮ್ಮದಿ. ತುಸು ಹೆಚ್ಚು ಹೊತ್ತು ಮಲಗಿದರೆ ಹಣೆ ಮುಟ್ಟಿ ನೋಡುವ ಕಳವಳ. ಅಂಗಳದಲ್ಲಿ ಆಡುತ್ತಿದ್ದರೆ ಹಿಗ್ಗು. ಅದರ ಸಪ್ಪಳ ಕೇಳದಾದರೆ ಎದೆ ಝಲ್ಲೆನ್ನುವದು. ಇವೆರಡು ಒಂದೇ ತೊಟ್ಟಿಲಲ್ಲಿ ಮಲಗಿದ ಅವಳಿಗಳು. ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಬಿಟ್ಟುಬರಲು ಹೆತ್ತವರಿಗೆ ಆಗುವದಿಲ್ಲ.

ನಮ್ಮ ಗರತಿಯರು ಬೀಸುವ ಕಲ್ಲಿನ ಮುಂದೆ ಕುಳಿತು ಕಟ್ಟಿದ ತ್ರಿಪದಿಗಳು ಈ ಅವಳಿಗಳನ್ನು ಒಟ್ಟಿಗೇ ಎತ್ತಿಕೊಂಡ ಹಾಡುಗಳು. ಅವುಗಳ ಹಿರಿಮೆ ಇರುವದೇ ಇದರಲ್ಲಿ. ಆದರೆ ಶಾಲೆಯಲ್ಲಿ ನಾವು ಅವುಗಳಿಂದ ನಲಿವನ್ನಷ್ಟೇ ಸೋಸಿ ತೆಗೆದು ಮಕ್ಕಳ ಮುಂದೆ ಇಡುತ್ತ ಬಂದಿದ್ದೇವೆ. ಕೂಸನ್ನು ಹೊಗಳುವ ನಾಲ್ಕಾರು ಪದಗಳನ್ನು ಆರಿಸುವದು, ಉಪಮೆಗಳನ್ನು ಪಟ್ಟಿ ಮಾಡಿಸುವದು, ತಾಯಿಯ ವಾತ್ಸಲ್ಯ ಅಪಾರವಾದುದೆಂದು ಹೇಳಿ ಪಾಠ ಮುಗಿಸುವದು. ಇದರಿಂದ ಹಾಡಿಗೂ ನಷ್ಟ, ಹಾಡನ್ನು ಕಲಿಯುವ ಹುಡುಗನಿಗೂ ನಷ್ಟ. ಗಡಿನಾಡಿನ ನಮ್ಮ ಕನ್ನಡ ಶಾಲೆಗಳಲ್ಲಂತೂ ಈ ನಷ್ಟವು ಬೇರೆಡೆಗಿಂತ ದೊಡ್ಡದು. ಅದು ಹೇಗೆಂಬುದನ್ನು ಹಾಡುಗಳನ್ನೇ ಹತ್ತಿರದಿಂದ ನೋಡಿ ತಿಳಿಯುವದು ಲೇಸು. ಹಾಡುಗಳು ವಾಚಕರ ಬಾಯಲ್ಲಿಯೇ ಇರುವವಾದ್ದರಿಂದ ಸಾಲುಗಳನ್ನು ಇಲ್ಲಿ ಎತ್ತಿ ಬರೆಯದೆ ಅವುಗಳ ಭಾವವನ್ನಷ್ಟೇ ಹೇಳುತ್ತ ಹೋಗುತ್ತೇನೆ.

*

1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಕಲನವನ್ನು ಬೆಳಕಿಗೆ ತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರಿಂದ ಕೂಡಿದ ಬಳಗವಿದು. 1935ರಲ್ಲಿ ‘ಮಲ್ಲಿಗೆ ದಂಡೆ’ ಎಂಬ ಇನ್ನೊಂದು ಸಂಕಲನವೂ ಇದೇ ಬಳಗದಿಂದ ಬಂದಿತು. ಹೆಂಗಸರು ಬೀಸುತ್ತ, ಕುಟ್ಟುತ್ತ, ತೊಟ್ಟಿಲು ತೂಗುತ್ತ ಹಾಡುವ ಪದಗಳು ಸಾಹಿತ್ಯವೆನಿಸಬಲ್ಲವೆಂದು ಓದು ಬಲ್ಲ ಕನ್ನಡಿಗರಿಗೆ ಮನವರಿಕೆ ಮಾಡಿಕೊಟ್ಟವುಗಳಲ್ಲಿ ಈ ಪುಸ್ತಕಗಳು ಮುಖ್ಯವಾದವು.

ಹಲಸಂಗಿಯು ಭೀಮೆಯ ಆಚೆಯ, ಇಂದಿನ ವಿಜಯಪುರ ಜಿಲ್ಲೆಯ ಊರು. ಈಚೆಯ ಸೋಲಾಪುರ, ಅಕ್ಕಲಕೋಟೆಗಳಿಗಾಗಲಿ ಪಡುವಲ ಜತ್ತಿಗಾಗಲಿ ಅದು ಪರನಾಡಲ್ಲ. ಒಂದೇ ಎರೆಮಣ್ಣು, ಒಂದೇ ಬಿಳಿಜೋಳ, ಒಂದೇ ಬೀಸುವ ಕಲ್ಲು. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಎಳೆದಾಗ ಹೆಣ್ಣು ಕೊಟ್ಟು ತರುವ ಸಂಬಂಧಗಳು ಆ ಗೆರೆಗೆ ನಿಲ್ಲಲಿಲ್ಲ. ಸೊಸೆಯ ಸಂಗಡ ಹಾಡೂ ಹೊಳೆ ದಾಟುತ್ತಲೇ ಇದ್ದಿತು. ಆದುದರಿಂದ ಗರತಿಯ ಹಾಡು ನಮಗೆ ಕರ್ನಾಟಕದಿಂದ ಬಂದ ಕಾಣಿಕೆಯಲ್ಲ. ನಮ್ಮ ಮನೆಯದೇ ಒಡವೆ.

ಈ ಹಾಡುಗಳ ಛಂದಸ್ಸು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಎಂದರೆ ಸುಮಾರು ಕ್ರಿ.ಶ. 700ರಲ್ಲಿಯೇ ಕಾಣಿಸಿಕೊಂಡು, ಮುಂದೆ ಸರ್ವಜ್ಞನ ಕೈಯಲ್ಲಿ ಮನೆಮಾತಾದ ಅಚ್ಚಗನ್ನಡ ಮಟ್ಟು ಇದು. ಹನ್ನೊಂದು ಅಂಶಗಣಗಳು, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂದು ನಾವು ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸುತ್ತೇವೆ. ಲೆಕ್ಕ ಸರಿಯೇ. ಆದರೆ ಲೆಕ್ಕದ ಹಿಂದಿನ ಮರ್ಮವನ್ನು ಹೇಳದೆ ಬಿಟ್ಟರೆ ಛಂದಸ್ಸಿನ ಪಾಠವು ಬರಿಯ ಎಣಿಕೆಯಾಗುವದು. ಮೊದಲಿನ ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕು ಗಣಗಳಿದ್ದರೆ ಕಡೆಯದರಲ್ಲಿ ಮೂರೇ. ಎರಡು ಸಾಲು ಹರಿದು ಬಂದ ಮಾತು ಮೂರನೆಯ ಸಾಲಿನ ಮೋಟುತನದಲ್ಲಿ ತಟ್ಟನೆ ನಿಲ್ಲುತ್ತದೆ. ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಹೇಳುವ ರೂಢಿಯಿರುವದರಿಂದ ಕೇಳುವವರು ಒಂದು ಕ್ಷಣ ಕಾದು ನಿಲ್ಲುತ್ತಾರೆ. ಆ ಮೇಲೆ ಬರುವ ಮಾತು ನೇರವಾಗಿ ಎದೆಗೆ ತಾಗುತ್ತದೆ. ಗರತಿಯು ತನ್ನ ನಿಜವಾದ ಮಾತನ್ನು ಬಹಳ ಸಲ ಈ ಮೂರನೆಯ ಸಾಲಿಗಾಗಿ ಕಾಯ್ದಿರಿಸಿಕೊಂಡಿರುತ್ತಾಳೆ.

ಹಾಡು ಹುಟ್ಟುವ ಹೊತ್ತನ್ನೂ ಮರೆಯಬಾರದು. ಕೋಳಿ ಕೂಗುವ ಮುಂಚೆ ಎದ್ದು, ಮನೆಮಂದಿಯ ಅಂದಿನ ರೊಟ್ಟಿಗೆ ಬೇಕಾದ ಹಿಟ್ಟನ್ನು ಬೀಸಿ ಮುಗಿಸಬೇಕು. ಇಬ್ಬರು ಎದುರುಬದುರು ಕುಳಿತು ಗೂಟ ಹಿಡಿದು ಕಲ್ಲು ತಿರುಗಿಸುವರು. ಹಿಡಿ ಹಿಡಿಯಾಗಿ ಜೋಳ ಹಾಕುವರು. ತೋಳು ಸೋಲುತ್ತದೆ, ಬೆವರು ಇಳಿಯುತ್ತದೆ. ಅತ್ತೆಯ ಮುಂದೆ ಬಾಯಿಬಿಟ್ಟು ಆಡಲಾಗದ ಮಾತನ್ನು ಆ ಹೊತ್ತಿನಲ್ಲಿ ಹಾಡಿನಲ್ಲಿ ಇಟ್ಟು ಆಡಬಹುದು. ಹಾಡಿಗೆ ಯಾರೂ ಜವಾಬು ಕೇಳುವದಿಲ್ಲ. ಇಂಥ ಹೊತ್ತಿನಲ್ಲಿ, ಇಂಥ ದಣಿವಿನಲ್ಲಿ ಅವಳು ಕೂಸನ್ನು ನೆನೆಯುತ್ತಾಳೆ. ಈ ಸಂದರ್ಭವನ್ನು ಕಳಚಿಟ್ಟು ಓದಿದರೆ ಹಾಡಿನ ಅರ್ಥ ಅರ್ಧಕ್ಕಿಳಿಯುತ್ತದೆ.

*

ಎಲ್ಲರಿಗೂ ತಿಳಿದ ಒಂದು ಪದವನ್ನು ಮೊದಲು ನೋಡೋಣ. ಕೂಸು ಇರುವ ಮನೆಗೆ ಬೀಸಣಿಕೆ ಏತಕ್ಕೆ ಬೇಕೆಂದು ಕೇಳುತ್ತಾಳೆ ಗರತಿ. ಕೂಸು ಒಳಗೂ ಹೊರಗೂ ಆಡುತ್ತ ತಿರುಗಿದರೆ ಅದೇ ಗಾಳಿ ಸುಳಿದಂತೆ ಎಂದು ತಾನೇ ಉತ್ತರವನ್ನೂ ಕೊಡುತ್ತಾಳೆ. ಇದನ್ನು ಕೂಸಿನ ಚೆಲುವಾದ ವರ್ಣನೆಯೆಂದು ಕಲಿಸುವದು ವಾಡಿಕೆ. ಆದರೆ ಗಾಳಿ ಬೇಕಾಗಿರುವದು ಯಾರಿಗೆ? ಬೆವರುತ್ತಿರುವವಳಿಗೆ. ಕೂಸು ಅವಳ ತೊಡೆಯ ಮೇಲಿಲ್ಲ, ಅವಳ ಸುತ್ತ ಓಡಾಡುತ್ತಿದೆ. ಏಕೆಂದರೆ ಅವಳ ಕೈ ತೆರವಿಲ್ಲ. ಕೂಸನ್ನು ಎತ್ತಿಕೊಳ್ಳಲಾಗದ ತಾಯಿಗೆ ಅದು ಹಾದುಹೋದಾಗಿನ ಗಾಳಿಯಷ್ಟೇ ಆ ಹೊತ್ತಿನ ಪಾಲು. ಅಷ್ಟನ್ನೇ ಅವಳು ಸಾಕೆಂದು ಹಾಡುತ್ತಾಳೆ. ನಲಿವು ಇಲ್ಲಿ ಇದ್ದೇ ಇದೆ. ಅದರ ಬೆಲೆ ಎಷ್ಟೆಂಬುದು ಮಾತ್ರ ದುಡಿಮೆಯನ್ನು ಬಲ್ಲವರಿಗೆ ಗೊತ್ತಾಗುವದು.

ಎರಡನೆಯದು, ಆಡಿ ಬಂದ ಮಗನ ಕಾಲು ತೊಳೆಯುವ ಪದ. ಅಂಗಾಲನ್ನೂ ಬಂಗಾರದಂಥ ಮೋರೆಯನ್ನೂ ತೆಂಗಿನಕಾಯಿಯ ತಿಳಿನೀರಿನಿಂದ ತೊಳೆಯುವೆನೆನ್ನುತ್ತಾಳೆ ತಾಯಿ. ಕರಾವಳಿಯ ಹುಡುಗನಿಗೆ ಇದರಲ್ಲಿ ವಿಶೇಷವೇನೂ ತೋರಲಾರದು. ಹಿತ್ತಿಲಲ್ಲಿಯೇ ತೆಂಗಿನ ಮರ. ಆದರೆ ಹಾಡು ಹುಟ್ಟಿದುದು ಮಳೆ ಕಡಿಮೆಯಾದ ಜೋಳದ ಸೀಮೆಯಲ್ಲಿ. ಇಲ್ಲಿ ತೆಂಗಿನಕಾಯಿ ಸಂತೆಯಿಂದ ಬರಬೇಕು. ಬಂದರೂ ಅದು ದೇವರ ಮುಂದೆ ಒಡೆಯುವ ಕಾಯಿ. ಅದರ ನೀರು ತೀರ್ಥಕ್ಕೆ ಸಮ. ಬೇಸಿಗೆಯಲ್ಲಿ ಕೊಡ ನೀರಿಗೆ ಮೈಲಿ ನಡೆಯುವ ನಾಡಿನ ಹೆಂಗಸು ಆ ತೀರ್ಥದಿಂದ ಮಗನ ಮಣ್ಣುಗಾಲನ್ನು ತೊಳೆಯುವೆನೆನ್ನುತ್ತಾಳೆ. ಇದು ಉಳ್ಳವರ ಆಡಂಬರವಲ್ಲ. ಇಲ್ಲದವಳು ಮನಸ್ಸಿನಲ್ಲಿ ಮಾಡಿದ ದಾನ. ಅಳುವ ಕಂದನಿಗೆ ನಾಲ್ಕೆಮ್ಮೆಯ ನೊರೆಹಾಲು ಕೊಡುವೆನೆನ್ನುವ ಪದದಲ್ಲಿಯೂ ಇದೇ ಬಗೆ. ಕೊಟ್ಟಿಗೆಯಲ್ಲಿ ನಾಲ್ಕೆಮ್ಮೆ ಇದ್ದ ಮನೆಗಳು ಊರಿಗೆ ಎಷ್ಟು? ಕೊಡಲಾರದುದನ್ನು ಹಾಡಿನಲ್ಲಿ ಕೊಡುವದೇ ಬಡ ತಾಯಿಯ ಸಿರಿ. ಕೊಡಲಾರೆನೆಂಬ ಕೊರಗು ಆ ಸಿರಿಯ ಬುಡದಲ್ಲಿಯೇ ಇದೆ.

ಮೂರನೆಯ ಪದವು ಇವೆರಡಕ್ಕಿಂತ ಹೆಚ್ಚು ಗಹನವಾದುದು. ಅಳುವ ಕಂದನ ಮೋರೆಯನ್ನು ತಾಯಿ ನೋಡುತ್ತಾಳೆ. ತುಟಿ ಅವಳಿಗೆ ಹವಳದ ಕುಡಿಯಂತೆ ಕಾಣುತ್ತದೆ. ಹುಬ್ಬು ಬೇವಿನ ಎಸಳಿನಂತೆ. ಕಣ್ಣೋಟವೋ ಶಿವನ ಕೈಯೊಳಗಿನ ಅಲಗಿನಂತೆ. ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ ಇದಿಷ್ಟೇ: ಕಂದನ ತುಟಿಯನ್ನು ಯಾವುದಕ್ಕೆ ಹೋಲಿಸಲಾಗಿದೆ? ಹವಳಕ್ಕೆ ಎಂದು ಬರೆದವನಿಗೆ ಪೂರ್ಣ ಗುಣ. ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಹವಳದಿಂದ ಆರಂಭವಾದ ಮಾತು ಬೇವಿಗೆ ಏಕೆ ಹೋಯಿತು? ಬೇವಿನಿಂದ ಅಲಗಿಗೆ ಏಕೆ ಹೋಯಿತು?

ಹವಳವು ಒಡವೆ, ನೋಡಿ ಹಿಗ್ಗುವ ವಸ್ತು. ಬೇವು ಆಕಾರದಲ್ಲಿ ಹುಬ್ಬನ್ನು ಹೋಲುವದು ನಿಜ. ಆದರೆ ನಮ್ಮ ಹೆಂಗಸರಿಗೆ ಬೇವೆಂದರೆ ಬರಿಯ ಎಲೆಯಲ್ಲ. ಬಾಣಂತಿಯ ಕೋಣೆಯಲ್ಲಿ ಬೇವು, ಮೈಮೇಲೆ ಅಮ್ಮ ಎದ್ದಾಗ ಹಾಸಿಗೆಯ ಬದಿಗೆ ಬೇವು, ಬಾಗಿಲಿಗೆ ಬೇವು. ಅದು ಕಹಿ, ಅದು ಕಾವಲು. ಬೇವಿನ ಹೆಸರೆತ್ತಿದೊಡನೆ ಬೇನೆಯ ನೆನಪು ಒಳಗೆ ಬಂದೇ ಬರುತ್ತದೆ. ಕಡೆಗೆ ಅಲಗು. ಅಲಗು ಕೊಯ್ಯುವ ವಸ್ತು. ಅದೂ ಲಯಕರ್ತನಾದ ಶಿವನ ಕೈಯಲ್ಲಿರುವದು. ಅಳುವ ಕೂಸಿನ ನೋಟ ತಾಯಿಯ ಎದೆಯನ್ನು ಕೊಯ್ಯುತ್ತದೆಂಬುದು ಒಂದು ಅರ್ಥ. ಕೂಸು ಕೊಟ್ಟವನ ಕೈಯಲ್ಲಿಯೇ ಅಲಗೂ ಇದೆ, ಅವನು ಬೇಕೆಂದಾಗ ಕೊಯ್ದುಕೊಂಡಾನು ಎಂಬುದು ಅದರೊಳಗೆ ಅಡಗಿದ ಇನ್ನೊಂದು ಅರ್ಥ. ಸಿಹಿಯಿಂದ ಕಹಿಗೆ, ಕಹಿಯಿಂದ ಹರಿತಕ್ಕೆ ಮೂರು ಹೆಜ್ಜೆಗಳಲ್ಲಿ ಹಾಡು ನಡೆದುಬಿಡುತ್ತದೆ. ಹೊಗಳಿಕೆಯಾಗಿ ತೊಡಗಿದುದು ಮೊರೆಯಾಗಿ ಮುಗಿಯುತ್ತದೆ. ಇಷ್ಟು ಚಿಕ್ಕ ಪದ್ಯದಲ್ಲಿ ಇಷ್ಟು ದೂರದ ಪಯಣವನ್ನು ನಮ್ಮ ಶಿಷ್ಟಕಾವ್ಯದಲ್ಲಿಯೂ ಹುಡುಕಿಯೇ ತೋರಿಸಬೇಕಾದೀತು.

ಈ ಅಂಜಿಕೆ ಕವಿಸಮಯವಾಗಿರಲಿಲ್ಲವೆಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ಹೇಳಬೇಕು. ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮುಂಚೆ ತೀರಿಕೊಳ್ಳುವವುಗಳ ಸಂಖ್ಯೆ 1971ರಲ್ಲಿಯೂ 129 ಇದ್ದಿತು. 2020ರ ಹೊತ್ತಿಗೆ ಅದು 28ಕ್ಕೆ ಇಳಿದಿತ್ತು. 1931ಕ್ಕೆ ಮೊದಲು ಈ ಹಾಡು ಕಟ್ಟಿದವರ ಕಾಲದಲ್ಲಿ ಸಿಡುಬು ಇನ್ನೂ ಊರೂರು ತಿರುಗುತ್ತಿತ್ತು. 1975ರ ಬಳಿಕ ಅದು ನಮ್ಮ ದೇಶದಲ್ಲಿ ಕಾಣಿಸಿಕೊಳ್ಳಲಿಲ್ಲ. ತೊಟ್ಟಿಲಲ್ಲಿ ಕೂಸನ್ನು ಮಲಗಿಸಿದವಳು ಬೆಳಿಗ್ಗೆ ಅದು ಕಣ್ಣು ತೆರೆದೀತೆಂಬ ಭರವಸೆಯನ್ನು ದೇವರಿಂದ ಪ್ರತಿದಿನವೂ ಹೊಸದಾಗಿ ಬೇಡಬೇಕಾಗಿದ್ದ ಕಾಲ ಅದು. ಹೊಗಳಿದರೆ ದೃಷ್ಟಿಯಾದೀತೆಂದು ಗಲ್ಲಕ್ಕೆ ಕಪ್ಪು ಬೊಟ್ಟು ಇಟ್ಟೇ ಮಗನನ್ನು ಹೊರಗೆ ಬಿಡುವಂತೆ, ಹಾಡಿನ ಹೊಗಳಿಕೆಗೂ ಅವಳು ಒಂದು ಕಪ್ಪು ಬೊಟ್ಟು ಇಟ್ಟಿರುತ್ತಾಳೆ. ನಾವು ಮಾಡುತ್ತಿರುವದು ಆ ಬೊಟ್ಟನ್ನು ಒರಸಿ ಕೂಸನ್ನು ತೋರಿಸುವ ಕೆಲಸ.

*

ಕೂಸಿನ ಸುತ್ತಲಿನ ಹಾಡುಗಳಲ್ಲಿ ಪಾಠಪುಸ್ತಕದ ಹೊಸ್ತಿಲನ್ನು ಅಷ್ಟಾಗಿ ತುಳಿಯದ ಎರಡು ಬಗೆಗಳಿವೆ. ಅವನ್ನು ಬಿಟ್ಟರೆ ಸಂಸಾರದ ಚಿತ್ರ ಪೂರ್ಣವಾಗದು.

ಮೊದಲನೆಯದು ಮಕ್ಕಳಿಲ್ಲದವಳ ಹಾಡು. ಮಕ್ಕಳಿಲ್ಲದ ಹೆಣ್ಣಿನ ಬಾಳು ಬಾಡಿಗೆಯ ಎತ್ತು ದುಡಿದಂತೆ ಎಂದು ಗರತಿ ಹಾಡುತ್ತಾಳೆ. ಮಾತು ಕಠೋರವಾದುದು. ಬಂಜೆಯನ್ನು ಹಳಿಯುವ ಹಳೆಯ ಮನೋಭಾವದ ಗುರುತೆಂದು ಇದನ್ನು ತಳ್ಳಿಹಾಕುವವರುಂಟು. ಅವರ ಮಾತಿನಲ್ಲಿ ಸತ್ಯವಿಲ್ಲವೆನ್ನಲಾಗದು. ಆದರೆ ಉಪಮೆಯನ್ನು ಇನ್ನಷ್ಟು ಕೆದಕಬೇಕು. ಬಾಡಿಗೆಯ ಎತ್ತು ದುಡಿಮೆಯಲ್ಲಿ ಕಡಿಮೆಯೇನಲ್ಲ. ಸ್ವಂತದ ಎತ್ತಿನಷ್ಟೇ, ಒಂದು ವೇಳೆ ಅದಕ್ಕಿಂತ ಹೆಚ್ಚಾಗಿಯೇ ಎಳೆಯುತ್ತದೆ. ಸಂಜೆ ನೊಗ ಇಳಿಸಿದ ಮೇಲೆ ಮಾತ್ರ ಆ ಮನೆಯಲ್ಲಿ ಅದಕ್ಕೆ ಗೋದಲಿಯಿಲ್ಲ, ಮೈ ತಿಕ್ಕುವವರಿಲ್ಲ. ಹಾಡಿನ ಬೆರಳು ತೋರಿಸುತ್ತಿರುವದು ಹೆಣ್ಣಿನ ಕೊರತೆಯನ್ನಷ್ಟೇ ಅಲ್ಲ, ಮನೆಯ ಲೆಕ್ಕವನ್ನೂ. ಎಷ್ಟೇ ದುಡಿದರೂ ತೊಟ್ಟಿಲು ಕಟ್ಟುವ ವರೆಗೆ ಸೊಸೆಯು ಆ ಮನೆಗೆ ಬಾಡಿಗೆಯವಳೇ ಎಂಬ ಲೆಕ್ಕ ಅದು. ಕೂಸನ್ನು ಕಂಡು ಗರತಿ ಅಷ್ಟೊಂದು ಹಿಗ್ಗುವದರ ಹಿಂದೆ ಈ ಭಯವೂ ಇದ್ದಿತೆಂದು ತಿಳಿದವನಿಗೆ ಬೀಸಣಿಕೆಯ ಪದವು ಮತ್ತೊಮ್ಮೆ ಹೊಸದಾಗಿ ಕೇಳಿಸುವದು.

ಎರಡನೆಯದು ಹೆಣ್ಣುಮಗಳ ಹಾಡು. ನಮ್ಮ ಗರತಿಯ ಕಂದಯ್ಯ ಹೆಚ್ಚಾಗಿ ಗಂಡು. ಹೊಗಳಿಕೆಯ ಪದಗಳಲ್ಲಿ ಮಗಳು ಕಾಣಿಸಿಕೊಳ್ಳುವದು ವಿರಳ. ಅವಳು ಹಾಡಿನೊಳಗೆ ಬರುವದು ಮನೆ ಬಿಟ್ಟು ಹೋಗುವಾಗ. ಹೆಣ್ಣನ್ನು ಹಡೆಯಬೇಡ, ಹಡೆದರೂ ಪರರಿಗೆ ಕೊಡಬೇಡ, ಕೊಟ್ಟರೂ ಅವಳು ಹೋಗುವಾಗ ಅಳಬೇಡ ಎಂಬರ್ಥದ ಪದವೊಂದುಂಟು. ಮೂರು ಸಾಲು, ಮೂರು ಬೇಡಗಳು. ಮೂರರಲ್ಲಿ ಒಂದನ್ನಾದರೂ ಪಾಲಿಸಲು ಯಾವ ತಾಯಿಗೆ ಸಾಧ್ಯವಾಗಿತ್ತು? ಮೂರನ್ನೂ ಮಾಡಿ ಮುಗಿಸಿದವಳು ಮಾತ್ರ ಹೀಗೆ ಬುದ್ಧಿ ಹೇಳಬಲ್ಲಳು. ಹಡೆಯುವದು, ಕೊಡುವದು, ಅಳುವದು ಎಂಬ ಈ ಮೂರು ಕ್ರಿಯಾಪದಗಳಲ್ಲಿ ಹೆಣ್ಣು ಹೆತ್ತವಳ ಇಡೀ ಚರಿತ್ರೆ ಅಡಕವಾಗಿದೆ. ಗಂಡುಮಗುವನ್ನೇ ಹೆಚ್ಚು ಮೆಚ್ಚುವ ಈ ಓರೆಯನ್ನು ನಾವು ಮುಚ್ಚಿಡಬೇಕಾಗಿಲ್ಲ. ಅದು ಹಾಡಿನ ಊನ. ಹಾಡು ಹುಟ್ಟಿದ ಸಮಾಜದ ಊನ. ತರಗತಿಯಲ್ಲಿ ಕುಳಿತ ಹೆಣ್ಣುಮಕ್ಕಳ ಮುಂದೆ ಅದನ್ನು ಊನವೆಂದೇ ಹೇಳಬೇಕು.

ಆದರೆ ಹೋದ ಮಗಳು ಮರಳಿ ಹಾಡುತ್ತಾಳೆಂಬುದನ್ನೂ ಅದರ ಜೊತೆಗೇ ಹೇಳಬೇಕು. ಕಾಶಿಗೆ ಹೋಗಲು ಬಹಳ ದಿನ ಬೇಕು. ತವರೂರು ತಾಸಿನ ಹಾದಿ, ಅಲ್ಲಿ ಹಡೆದವ್ವನೇ ಕಾಶಿಯಾಗಿ ಕುಳಿತಿದ್ದಾಳೆ ಎಂಬ ಪದವನ್ನು ಯಾರು ಅರಿಯರು? ತಾಸಿನ ಹಾದಿಯೆನ್ನುವಲ್ಲಿಯೇ ನೋವು ಇದೆ. ಇಷ್ಟು ಹತ್ತಿರವಿದ್ದೂ ಕೇಳಿ ಹೋಗಬೇಕು, ಕರೆ ಬಂದರೆ ಹೋಗಬೇಕು. ಕಾಶಿಯಷ್ಟು ಪವಿತ್ರವಾದ ತವರು ಅವಳಿಗೆ ಕಾಶಿಯಷ್ಟೇ ದೂರವೂ ಆಗಿರುತ್ತದೆ.

*

ಇಷ್ಟೆಲ್ಲ ಹಾಡುಗಳಲ್ಲಿ ಒಬ್ಬನ ದನಿ ಮಾತ್ರ ಕೇಳುವದಿಲ್ಲ: ತಂದೆಯದು. ಹೆಂಗಸರ ಹಾಡಾದ್ದರಿಂದ ಇದು ಸಹಜವೇ. ಗಂಡಸು ಇಲ್ಲಿ ಅಪ್ಪನಾಗಿ, ಅಣ್ಣನಾಗಿ, ರಾಯನಾಗಿ ಹೊಗಳಿಸಿಕೊಳ್ಳುತ್ತಾನೆ. ಆದರೆ ಕೂಸಿನ ಹಾಸಿಗೆಯ ಬದಿಗೆ ಕುಳಿತ ತಂದೆಯ ಎದೆಯಲ್ಲಿ ಏನಾಗುತ್ತಿದೆಯೆಂದು ಹೇಳುವವರಿಲ್ಲ. ಆ ತೆರವನ್ನು ತುಂಬಿದವರು ವರಕವಿ ಬೇಂದ್ರೆಯವರು.

ದ. ರಾ. ಬೇಂದ್ರೆಯವರು 1944ರಿಂದ 1956ರ ವರೆಗೆ ಸೋಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದುದನ್ನು ಇಲ್ಲಿಯ ಕನ್ನಡಿಗರು ಅಭಿಮಾನದಿಂದ ನೆನೆಯುತ್ತಾರೆ. ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರನ್ನು ಎಳವೆಯಲ್ಲಿಯೇ ಕಳೆದುಕೊಂಡ ತಂದೆ ಅವರು. ದಾಂಪತ್ಯದ ಸುಖದುಃಖಗಳನ್ನು ಹೆಂಡತಿಗೇ ಹೇಳುವಂತೆ ರಚಿಸಿದ ‘ಸಖೀಗೀತ’ 1937ರಲ್ಲಿ ಬಂದಿತು. ಆದರೆ ನಮ್ಮ ಪ್ರಕೃತಕ್ಕೆ ಅದಕ್ಕಿಂತ ಹತ್ತಿರದ್ದು ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಚಿಕ್ಕ ಕವಿತೆ. ಕೂಸು ಕೈಬಿಟ್ಟುಹೋಗುವ ಹೊತ್ತು. ತಾಯಿ ಅಳುವದಿಲ್ಲ, ಗಂಡನ ಮೋರೆಯನ್ನು ನೋಡುತ್ತಾಳೆ. ಅವಳ ಆ ಬಿಳಿಚಿದ ಮೋರೆಯನ್ನು ಕವಿ ಹಗಲಿನ ಮುಗಿಲಲ್ಲಿ ತೇಲುವ ಹುಣ್ಣಿಮೆಯ ಚಂದ್ರನ ಹೆಣಕ್ಕೆ ಹೋಲಿಸುತ್ತಾರೆ. ತಂದೆಯ ಬಳಿ ಸಾಂತ್ವನದ ಮಾತಿಲ್ಲ, ವೇದಾಂತವಿಲ್ಲ. ನನ್ನನ್ನು ಹಾಗೆ ನೋಡಬೇಡ ಎಂಬುದಷ್ಟೇ ಅವನು ಆಡಬಲ್ಲ ಮಾತು. ನಗುವನ್ನು ತಂದುಕೊಂಡು ದುಃಖವನ್ನು ಮರೆಸಬೇಡ, ಅತ್ತುಬಿಡು ಎಂದು ಕಡೆಗೆ ಬೇಡಿಕೊಳ್ಳುತ್ತಾನೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಗರತಿಯ ಹಾಡಿನಲ್ಲಿ ಕೊಯ್ಯುತ್ತಿದ್ದುದು ಅಳುವ ಕೂಸಿನ ನೋಟ. ಇಲ್ಲಿ ಕೊಯ್ಯುತ್ತಿರುವದು ಅಳದ ತಾಯಿಯ ನೋಟ. ಅಲಗು ಅದೇ, ಹಿಡಿದ ಕೈ ಬೇರೆ. ಜನಪದದ ತಾಯಿ ಹಾಡಿನಲ್ಲಿ ಸೂಚಿಸಿ ಬಿಟ್ಟ ಭಯ ಕವಿಯ ಕೈಯಲ್ಲಿ ನಿಜವಾಗಿದೆ. ಇನ್ನೊಂದು ಸಂಗತಿ ಭಾಷೆಯದು. ಬೇಂದ್ರೆಯವರ ಮನೆಮಾತು ಮರಾಠಿ. ಅವರಿಗೆ ಗ್ರಂಥಸ್ಥ ಕನ್ನಡವೂ ಸಂಸ್ಕೃತವೂ ಕೈವಶವಾಗಿದ್ದವು. ಆದರೂ ಬಾಳಿನ ಅತ್ಯಂತ ಭಾರವಾದ ಗಳಿಗೆಯನ್ನು ಹೇಳಲು ಅವರು ಆರಿಸಿಕೊಂಡುದು ಧಾರವಾಡದ ಓಣಿಯಲ್ಲಿ ಹೆಂಗಸರು ಗಂಡಸರು ಆಡುವ ಮಾತನ್ನು. ಸಾವನ್ನು ಹೊರಬಲ್ಲಷ್ಟು ಗಟ್ಟಿಯಾದ ನುಡಿ ಅದೆಂಬ ನಂಬಿಕೆ ಅವರಿಗಿತ್ತು. ಆ ನಂಬಿಕೆಗೆ ಗರತಿಯ ಹಾಡೇ ಆಧಾರ.

*

ಈಗ ನಮ್ಮ ಶಾಲೆಗಳ ಮಾತಿಗೆ ಬರೋಣ. ಗಡಿನಾಡಿನ ಕನ್ನಡ ಶಾಲೆಯ ಮಗು ಮೂರು ನುಡಿಗಳ ನಡುವೆ ಬೆಳೆಯುತ್ತದೆ. ಮನೆಯಲ್ಲಿ ಅವ್ವ, ಅಜ್ಜಿ ಆಡುವ ಕನ್ನಡ. ಸಂತೆ, ಬಸ್ಸು, ಕಚೇರಿಗಳಲ್ಲಿ ಮರಾಠಿ. ಪುಸ್ತಕದಲ್ಲಿ ಇವೆರಡಕ್ಕೂ ದೂರವಾದ ಗ್ರಂಥದ ಕನ್ನಡ. ತನ್ನ ಮನೆಯ ಕನ್ನಡವನ್ನು ಅದು ಪುಸ್ತಕದಲ್ಲಿ ಕಾಣುವದು ಕೆಲವೇ ಪುಟಗಳಲ್ಲಿ, ಗರತಿಯ ಹಾಡು ಬಂದಾಗ. ಆ ಪುಟವನ್ನು ಬರಿಯ ಸಕ್ಕರೆಯ ಪಾಕವಾಗಿ ಕಲಿಸಿದರೆ ಮಗು ಏನೆಂದು ತಿಳಿದೀತು? ಮನೆಯ ಕನ್ನಡ ಕೂಸು ಆಡಿಸುವದಕ್ಕೆ ಸಾಕು. ಭಯ, ಸಾವು, ನ್ಯಾಯ, ಅನ್ಯಾಯಗಳಂಥ ದೊಡ್ಡ ಸಂಗತಿಗಳನ್ನು ಹೇಳಲು ಬೇರೊಂದು ಭಾಷೆ ಬೇಕು ಎಂದು ತಿಳಿದೀತು. ಅವ್ವನ ನುಡಿಯನ್ನು ಹೀಗೆ ಕಿರಿದೆಂದು ಎಣಿಸಿದ ಮಗು ಮುಂದೆ ಅದನ್ನು ತನ್ನ ಮಕ್ಕಳಿಗೆ ಕೊಡುವದೇ ಸಂದೇಹ. ನಾವು ಕನ್ನಡದ ಉಳಿವಿಗಾಗಿ ಸಭೆಗಳಲ್ಲಿ ಠರಾವು ಮಾಡುತ್ತೇವೆ. ಅದು ತಪ್ಪಲ್ಲ. ಆದರೆ ಉಳಿವಿನ ಪ್ರಶ್ನೆ ಇತ್ಯರ್ಥವಾಗುವದು ಇಂಥ ಪಾಠ ಒಂದನ್ನು ಕಲಿಸುವ ನಲವತ್ತು ನಿಮಿಷಗಳಲ್ಲಿ.

ಎಳೆಯ ಮಕ್ಕಳಿಗೆ ನೋವಿನ ಮಾತು ಏಕೆ, ನಲಿವನ್ನಷ್ಟೇ ಕೊಟ್ಟರೆ ಸಾಲದೆ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಕರುಣೆಯಿದೆ, ತಿಳಿವಳಿಕೆ ಕಡಿಮೆಯಿದೆ. ಮಕ್ಕಳಿಗೆ ಮನೆಯ ಅಂಜಿಕೆ ಹೊಸದಲ್ಲ. ಮಗಳ ಶುಲ್ಕ ಹೊಂದಿಸುವ ತಂದೆ, ಸೋಲಾಪುರದ ಓಣಿಗಳಲ್ಲಿ ತೊಟ್ಟಿಲಿನ ಬದಿಗೇ ಬೀಡಿ ಸುತ್ತುವ ತಾಯಿ, ಕಬ್ಬು ಕಡಿಯಲು ತಂದೆತಾಯಿ ಊರು ಬಿಟ್ಟಾಗ ಅಜ್ಜಿಯ ಬಳಿ ಉಳಿದ ಕೂಸು, ಇವರೆಲ್ಲ ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿಯೇ ಇದ್ದಾರೆ. ತನ್ನ ಮನೆಯಲ್ಲಿರುವ ಚಿಂತೆಗೆ ಹಿಂದಿನವರು ಮಾತು ಕೊಟ್ಟಿದ್ದರೆಂದು ತಿಳಿದ ಮಗುವಿಗೆ ಬರುವದು ದುಃಖವಲ್ಲ, ಧೈರ್ಯ. ಯಾವ ತರಗತಿಗೆ ಎಷ್ಟು ಹೇಳಬೇಕೆಂಬ ವಿವೇಕ ಶಿಕ್ಷಕರಿಗೆ ಇದ್ದೇ ಇರುತ್ತದೆ. ನಾಲ್ಕನೆಯ ಇಯತ್ತೆಯ ಮಗುವಿಗೆ ತೆಂಗಿನ ನೀರಿನ ಮರ್ಮವಷ್ಟೇ ಸಾಕು. ಬಾಡಿಗೆಯ ಎತ್ತು ಹತ್ತನೆಯದಕ್ಕೆ ಇರಲಿ.

ಬೀಸುವ ಕಲ್ಲು ಮೂಲೆ ಸೇರಿದೆ. ಹಿಟ್ಟಿನ ಗಿರಣಿ ಬಂದು ತೋಳಿನ ದಣಿವನ್ನು ತಪ್ಪಿಸಿದುದು ಒಳ್ಳೆಯದೇ ಆಯಿತು. ಆ ದಣಿವು ಮರಳಿ ಬರಲೆಂದು ಹಾಡಿನ ಹೆಸರಿನಲ್ಲಿ ಯಾರೂ ಹಾರೈಸಬಾರದು. ಕಲ್ಲಿನ ಸಂಗಡ ಹಾಡೂ ಮೂಲೆ ಸೇರುತ್ತಿರುವದಕ್ಕೆ ಮಾತ್ರ ಮಾಡಬಹುದಾದ ಕೆಲಸವೊಂದಿದೆ. ಗರತಿಯ ಹಾಡಿನ ಪಾಠ ಬಂದಾಗ ಪ್ರತಿ ವಿದ್ಯಾರ್ಥಿಯೂ ತನ್ನ ಅಜ್ಜಿಯನ್ನೋ ನೆರೆಮನೆಯ ಹಿರಿಯಳನ್ನೋ ಕೇಳಿ ಒಂದು ಪದವನ್ನು ಬರೆದುತರಲಿ. ಅವಳು ಹೇಳಿದ ಹಾಗೆಯೇ ಬರೆಯಲಿ. ತಿದ್ದಿ ಗ್ರಂಥದ ಕನ್ನಡ ಮಾಡುವದು ಬೇಡ. ನಡುವೆ ಮರಾಠಿಯ ಶಬ್ದ ಬಂದರೆ ಅದೂ ಇರಲಿ. ಪದದ ಕೆಳಗೆ ಎರಡು ಸಾಲು ಹೆಚ್ಚಿಗೆ ಬರೆಯಲಿ: ಇದನ್ನು ಹಾಡುವಾಗ ಅವಳು ಯಾವ ಕೆಲಸದಲ್ಲಿದ್ದಳು, ಯಾರನ್ನು ನೆನೆದು ಹಾಡುತ್ತಿದ್ದಳು? ಈ ಎರಡು ಸಾಲುಗಳಿಗೆ ಉತ್ತರ ಕೇಳಿಬಂದ ಹುಡುಗನಿಗೆ ಮೂರನೆಯ ಸಾಲು ಏಕೆ ಮೋಟಾಗಿದೆಯೆಂಬುದನ್ನು ಬೇರೆಯಾಗಿ ವಿವರಿಸಬೇಕಾಗುವದಿಲ್ಲ.